ನಕ್ಷತ್ರಪುಂಜ ಗುರುತಿಸೋದು ಎಲ್ಲಿಂದ ಶುರು ಮಾಡ್ಲಿ? ಕಲಿತಿರೋರು ಹೇಳಿ

ಬೆಂಗಳೂರಲ್ಲಿ ಮೂರನೇ ಮಹಡಿ ಟೆರೇಸು. ಎಂಟು ವರ್ಷದ ಮಗಳು ದಿನಾ "ಅದ್ಯಾವ್ ಸ್ಟಾರು" ಅಂತಾಳೆ. ಆ್ಯಪ್ ಹಿಡಿದ್ರೆ ಸಿಂಹ, ಏಡಿ ಎಲ್ಲಾ ಚೆನ್ನಾಗ್ ಕಾಣುತ್ತೆ, ಫೋನ್ ಇಳಿಸಿದ್ರೆ ಬರೀ ಚುಕ್ಕಿ. ನೀವೆಲ್ಲ ಹೇಗ್ ಕಲಿತ್ರಿ?

—

ಈಗ ಜನವರಿ ಅಲ್ವಾ, ಮಹಾವ್ಯಾಧನಿಂದ ಶುರು ಮಾಡಿ, ಇಂಗ್ಲಿಷಲ್ಲಿ ಓರಿಯನ್ ಅಂತಾರಲ್ಲ, ಬೇಟೆಗಾರನ ಆಕಾರದ ಪುಂಜ. ರಾತ್ರಿ ಎಂಟೂವರೆಗೆ ಪೂರ್ವಕ್ಕೆ ತಿರುಗಿ ತಲೆ ಎತ್ತಿದ್ರೆ ಮೂರು ಚುಕ್ಕಿ ಸಾಲಾಗಿ ಕಾಣುತ್ತೆ, ಅದೇ ಅವನ ಸೊಂಟಪಟ್ಟಿ. ಆ ಗೆರೆನ ಕೆಳಗೆ ಎಳೀರಿ, ಥಳಥಳ ಅನ್ನೋ ಲುಬ್ಧಕ. ಮೇಲೆ ಎಳೀರಿ, ಕೆಂಪಗಿರೋ ರೋಹಿಣಿ, ಇನ್ನೂ ಮುಂದೆ ಗೊಂಚಲು ಥರ ಕೃತ್ತಿಕೆ. ನಾನು ಒಂದು ತಿಂಗಳು ಇಷ್ಟು ಬಿಟ್ಟು ಬೇರೇನೂ ನೋಡ್ಲಿಲ್ಲ.

—

ಧ್ರುವ ಅಂದ್ರ ಭಾಳ ಹೊಳೀತೈತಿ ಅಂತ ತಿಳ್ಕೊಂಡು ನಾ ಎರಡು ವರ್ಷ ಬ್ಯಾರೆ ಚುಕ್ಕಿನ ಧ್ರುವ ಅಂದ್ಕೊಂಡಿದ್ನಿ ನೋಡ್ರಿ! ಅದು ಸಾದಾ ಚುಕ್ಕಿ, ಮ್ಯಾಲಾಗಿ ನಮ್ಮ ಕಡೆ ಕೆಳಗ ಐತಿ. ನಮ್ಮ ಅಕ್ಷಾಂಶ ಎಷ್ಟೋ ಅಷ್ಟ ಎತ್ತರ, ಧಾರವಾಡದಾಗ ಹದಿನೈದೂವರೆ ಡಿಗ್ರಿ, ನಿಮ್ಮ ಬೆಂಗಳೂರಾಗ 13. ಕೈ ಪೂರಾ ಚಾಚಿ ಮುಷ್ಟಿ ಹಿಡದ್ರ ಸುಮಾರು 10 ಡಿಗ್ರಿ, ಅಂದ್ರ ಒಂದೂಕಾಲು ಮುಷ್ಟಿ. ಅಪಾರ್ಟ್‌ಮೆಂಟ್ ಹಿಂದ ಹೋಗಿರತೈತಿ. ಏಪ್ರಿಲ್ ತನಕ ತಡೀರಿ, ಊಟದ ಹೊತ್ತಿಗೆ ಸಪ್ತರ್ಷಿ ಮ್ಯಾಲ ಬಂದಿರತಾವ, ಆವಾಗ ಹುಡುಕೋದು ಸಲೀಸು.

—

ಒಂದು ವಿಷ್ಯ, ಕಲಿಯೋಕೆ ಅಂತ ಕಾಡಿಗೆಲ್ಲ ಓಡ್ಬೇಡಿ. ನಾನು ತೀರ್ಥಹಳ್ಳಿ ಕಡೆ ಅಜ್ಜಿ ಮನೆಗೆ ಅಮಾವಾಸ್ಯೆ ನೋಡ್ಕೊಂಡೇ ಹೋದೆ, ರಾಶಿ ರಾಶಿ ನಕ್ಷತ್ರ, ಗೊತ್ತಿದ್ದ ಮಹಾವ್ಯಾಧಾನೂ ಅದ್ರಲ್ಲಿ ಕಳೆದೋದ. ಸಿಟಿ ಬೆಳಕಲ್ಲಿ ದೊಡ್ಡ ಚುಕ್ಕಿ ಮಾತ್ರ ಉಳಿಯುತ್ತೆ, ಹೊಸಬ್ರಿಗೆ ಅದೇ ಒಳ್ಳೇದು. ಮಿನುಗದೆ ಸುಮ್ನೆ ಉರಿಯೋ ದೊಡ್ಡ ಚುಕ್ಕಿ ಸಿಕ್ರೆ ಅದು ಗುರುನೋ ಶುಕ್ರನೋ ಇರುತ್ತೆ, ಅದನ್ನ ಹಿಡ್ಕೊಂಡು ಪುಂಜ ಹುಡುಕಬೇಡಿ.

—

ಆ್ಯಪ್ ಯಾಕ್ರೀ, ಅಡುಗೆಮನೆ ಗೋಡೆ ಮೇಲಿನ ಕ್ಯಾಲೆಂಡರ್ ಇಲ್ವಾ? ಅದ್ರಲ್ಲಿ ದಿನದ ನಕ್ಷತ್ರ ಅಂತ ಹಾಕಿರ್ತಾರಲ್ಲ, ಚಂದ್ರ ಅವತ್ತು ಆಕಾಶದಲ್ಲಿ ಎಲ್ಲಿದಾನೆ ಅನ್ನೋದೇ ಅದು! ನನಗೆ ನಲವತ್ತು ದಾಟಿದ್ ಮೇಲೆ ಗೊತ್ತಾಯ್ತು, ನಾಚಿಕೆ ಆಗುತ್ತೆ. ರೋಹಿಣಿ ಅಂತ ಇರೋ ರಾತ್ರಿ ಚಂದ್ರನ ಆಸುಪಾಸಲ್ಲಿ ಕೆಂಪು ಚುಕ್ಕಿ ಹುಡುಕಿ. ಮಖಾ, ಚಿತ್ತಾ, ಜ್ಯೇಷ್ಠಾನೂ ಹೀಗೇ ಸಿಗುತ್ತೆ. ಸ್ವಾತಿ ಮಾತ್ರ ಮೋಸ, ಚಂದ್ರನ ದಾರಿಯಿಂದ ತುಂಬಾ ಉತ್ತರಕ್ಕಿದೆ, ನಾನು ಒಂದ್ ಗಂಟೆ ಹುಡುಕಿ ಸುಸ್ತಾದೆ. ತಪ್ಪಿದ್ರೆ ಬೇಜಾರಿಲ್ಲ, 27 ದಿನಕ್ಕೆ ಚಂದ್ರ ಮತ್ತೆ ಅಲ್ಲಿಗೇ ಬರ್ತಾನೆ.

—

ಕೇಳಿದವ್ನು ನಾನೇ. ಕ್ಯಾಲೆಂಡರ್ ನೋಡ್ದೆ, ಶುಕ್ರವಾರ ರೋಹಿಣಿ ಇದೆ! ಆದ್ರೆ ಪೂರ್ವಕ್ಕೆ ಪಕ್ಕದ ಮನೆ ನೀರಿನ ಟ್ಯಾಂಕ್ ಅಡ್ಡ ಇದೆಯಲ್ಲ?

—

ಎಂಟೂವರೆಗೆ ನೆತ್ತಿ ಹತ್ರಾನೇ ಬಂದಿರುತ್ತೆ, ಟ್ಯಾಂಕ್ ಏನ್ ಮಾಡಲ್ಲ. ಚಾಪೆ ತಗೊಂಡ್ ಹೋಗಿ, ಕತ್ತು ಹಿಡ್ಕೊಳುತ್ತೆ.