ಗುಡ್ಡೆಯ ಮದ್ದಿನ ಗಿಡಗಳ ಪಟ್ಟಿ ಪಂಚಾಯತಿಗೆ ಕೊಡಬೇಕಾ?

ಗುಡ್ಡೆಮನೆ: ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಪಂಚಾಯತಿನ ಜೀವವೈವಿಧ್ಯ ಸಮಿತಿಯವರು ಮೊನ್ನೆ ಬಂದು ಗುಡ್ಡೆಯಲ್ಲಿ ಯಾವ ಮದ್ದಿನ ಗಿಡ ಎಲ್ಲಿದೆ, ಯಾವುದಕ್ಕೆ ಕೊಡ್ತೀರಿ ಅಂತ ಅಮ್ಮನ ಹತ್ತಿರ ಕೇಳಿದರು. ಊರಿನ ಗಿಡ, ಪ್ರಾಣಿ, ಅವುಗಳ ಬಗ್ಗೆ ಜನರಿಗೆ ಗೊತ್ತಿರುವುದನ್ನೆಲ್ಲ ಬರೆದಿಡುವ ಜನತಾ ಜೀವವೈವಿಧ್ಯ ದಾಖಲೆಗಂತೆ. ಅಮ್ಮ ಹೇಳಲು ಹೊರಟರು, ನಾನೇ ತಡೆದೆ. ಹೋದ ವರ್ಷ ಯಾರೋ ಪಿಕಪ್ಪು ತಂದು ಸರಕಾರಿ ಗುಡ್ಡೆಯ ಅಮೃತಬಳ್ಳಿಯನ್ನು ಬುಡಸಮೇತ ಎಳೆದು ಗೋಣಿಗಟ್ಟಲೆ ತುಂಬಿಸಿಕೊಂಡು ಹೋಗಿದ್ದಾರೆ. ಈಗ ಪಟ್ಟಿಯನ್ನೂ ಬರೆದುಕೊಟ್ಟರೆ ಕಳ್ಳನಿಗೆ ದಾರಿ ತೋರಿಸಿದ ಹಾಗಲ್ವಾ?

ಪುನರ್ಪುಳಿ: ಪಟ್ಟಿ ಇಲ್ಲದೆಯೂ ಪಿಕಪ್ಪು ಬಂತಲ್ಲ ಅಣ್ಣ! 2002ರ ಜೀವವೈವಿಧ್ಯ ಕಾಯ್ದೆಯ 41ನೇ ಸೆಕ್ಷನ್ ಓದಿ. ವ್ಯಾಪಾರಕ್ಕೆ ಅಂತ ಕೊಯ್ದುಕೊಂಡು ಹೋಗುವವರಿಂದ ಸಮಿತಿ ಶುಲ್ಕ ವಸೂಲು ಮಾಡಬಹುದು. ನೀವು ತಂಬುಳಿಗೆ ನಾಲ್ಕು ಎಲೆ ಕಿತ್ತರೆ ಯಾರೂ ಕೇಳುವುದಿಲ್ಲ. ದೇಶದೊಳಗಿನ ಕಂಪೆನಿಯೂ ಲಾಭದಲ್ಲಿ ಪಾಲು ಕೊಡಬೇಕು ಅಂತ 2018ರಲ್ಲಿ ಉತ್ತರಾಖಂಡ ಹೈಕೋರ್ಟು ಹೇಳಿದೆ. ಆದರೆ 2023ರ ತಿದ್ದುಪಡಿಯಲ್ಲಿ ತೋಟದಲ್ಲಿ ಬೆಳೆಸಿದ ಮದ್ದಿನ ಗಿಡಗಳಿಗೆ ಈ ಪಾಲು ಕೊಡುವುದರಿಂದ ರಿಯಾಯಿತಿ ಸಿಕ್ಕಿತು. ನಾಳೆ ಪಿಕಪ್ಪಿನವ "ಇದು ತೋಟದ್ದು" ಅಂತ ವಾದಿಸಿದರೆ, ನಮ್ಮ ಗುಡ್ಡೆಯಲ್ಲಿ ಇದು ಮೊದಲಿಂದಲೂ ಇತ್ತು ಅಂತ ತೋರಿಸಲು ಬರೆದಿಟ್ಟದ್ದು ಏನಾದರೂ ಬೇಕಲ್ಲ?

ರಿಟೈರ್ಡ್ ಮಾಷ್ಟ್ರು: ಬರೆಸಿ, ಆದರೆ ಹೆಸರು ನೋಡಿಕೊಂಡು ಬರೆಸಿ. ಒಂದೆಲಗಕ್ಕೆ ತುಳುವಿನಲ್ಲಿ ತಿಮರೆ, ಹವ್ಯಕರ ಮನೆಯಲ್ಲಿ ಉರಗೆ, ಮಲಯಾಳದಲ್ಲಿ ಮುತ್ತಿಳ್. ನಮ್ಮಲ್ಲಿ ಬರೆದುಕೊಂಡ ಹುಡುಗರಿಗೆ ಗೊತ್ತಾಗದೆ ಒಂದೇ ಗಿಡ ಮೂರು ಸಲ ಬಂದಿತ್ತು. ಜಿಲ್ಲೆಯ ಮರ ಅಂತ ಘೋಷಿಸಿದ್ದು ಕಾಸರಕವನ್ನು, ಕಾಸರಗೋಡು ಅನ್ನುವ ಹೆಸರೂ ಅದರಿಂದಲೇ ಬಂತು ಅನ್ನುವವರಿದ್ದಾರೆ, ಅದನ್ನೂ ಮಲಯಾಳದಲ್ಲಿ ಕಾಂಞಿರಂ ಅಂತ ಮಾತ್ರ ಬರೆದರೆ ನಮ್ಮ ಮಕ್ಕಳಿಗೆ ಗುರುತು ಸಿಗುತ್ತದಾ? ಇನ್ನೊಂದು, ಪಾರೆ (ಕೆಂಪುಕಲ್ಲಿನ ಬಯಲು) ಮತ್ತು ಪಳ್ಳ (ಮಳೆಗಾಲದಲ್ಲಿ ನೀರು ನಿಲ್ಲುವ ಹೊಂಡ) ಬಿಡಬೇಡಿ. ಬೇಸಗೆಯಲ್ಲಿ ನೋಡಿದವರು ಸುಮ್ನೆ "ಖಾಲಿ ಜಾಗ" ಅಂತ ಬರೆದುಬಿಡುತ್ತಾರೆ. ಕೆಂಪುಕಲ್ಲು ಕೋರೆಯವರಿಗೆ ಅಷ್ಟೇ ಸಾಕು.

ಅತ್ತೆಮ್ಮ: ಗಿಡ ಇದೆ ಅಂತ ಹೇಳುವುದು ಬೇರೆ, ಮದ್ದು ಮಾಡುವ ಕ್ರಮ ಹೇಳುವುದು ಬೇರೆ ಮಗಾ. ಎರಡನೆಯದನ್ನು ಹೇಳಲೇಬೇಕು ಅಂತ ಇಲ್ಲ. ಹೇಳಿದರೂ ಗುಟ್ಟಾಗಿ ಇಡಿ ಅಂತ ಕೇಳಬಹುದು. ನಾನು ಸರ್ಪಸುತ್ತಿನ ಮದ್ದು ಬಿಟ್ಟು ಬಾಕಿ ಎಲ್ಲ ಹೇಳಿದೆ.

ಗುಡ್ಡೆಮನೆ: ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. "ಹೇಳ್ತೇನೆ, ಆದರೆ ಜಗಲಿಯಲ್ಲಿ ಕೂತು ಬರೆದುಕೊಳ್ಳುವುದು ಬೇಡ, ನನ್ನ ಜೊತೆ ಗುಡ್ಡೆ ಹತ್ತಲಿ" ಅಂದರು. ಆದಿತ್ಯವಾರ ಬರಲು ಹೇಳಿದ್ದೇನೆ. ಮಾಷ್ಟ್ರೇ, ಹೆಸರು ಸರಿ ನೋಡಲು ನೀವೂ ಬರ್ತೀರಾ?