ಮೈಕ್ರೋವೇವ್: ಅಂಚಿನಲ್ಲಿ ಕುದಿಯುತ್ತದೆ, ನಡುವೆ ಐಸ್ ಹಾಗೇ ಇದೆ

ಪ್ರಶ್ನೆ
ಫ್ರೀಜರ್‌ನಲ್ಲಿದ್ದ ಸೂಪನ್ನು ಫುಲ್ ಪವರ್‌ನಲ್ಲಿ 5 ನಿಮಿಷ ಇಟ್ಟೆ. ಸುತ್ತ ಕುದಿದು ಚೆಲ್ಲಿತು, ನಡುವೆ ಮಾತ್ರ ಗಟ್ಟಿ ಐಸ್. ಮೈಕ್ರೋವೇವ್ ಒಳಗಿನಿಂದ ಬಿಸಿ ಮಾಡುತ್ತದೆ ಅಂತಾರೆ ಅಲ್ವಾ? ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಹೋಗಿದೆಯಾ? ಬಿಚ್ಚಿ ನೋಡಲಾ?

ಉತ್ತರ
ದಯವಿಟ್ಟು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಮ್ಯಾಗ್ನೆಟ್ರಾನ್ ಹೋಗಿದ್ದರೆ ಅಂಚೂ ಕುದಿಯುತ್ತಿರಲಿಲ್ಲ.

ಒಳಗಿನಿಂದ ಬಿಸಿ ಆಗುತ್ತದೆ ಅನ್ನುವುದು ತಪ್ಪು. ಅಲೆಗಳು ಹೊರಗಿನಿಂದಲೇ ಒಳಗೆ ಹೋಗಬೇಕು. ನೀರಿನಂಶ ಇರುವ ಆಹಾರದಲ್ಲಿ ಕೆಲವೇ ಸೆಂಟಿಮೀಟರ್ ದಾಟುವಷ್ಟರಲ್ಲಿ ಅವುಗಳ ಶಕ್ತಿ ಬಹುಪಾಲು ಮುಗಿದಿರುತ್ತದೆ. ಅಲ್ಲಿಂದ ಮುಂದೆ ಬಿಸಿ ನಿಧಾನಕ್ಕೆ ಹರಡುತ್ತದೆ.

ಅದರ ಮೇಲೆ ನಿಮ್ಮದು ಐಸ್. ನೀರಿನ ಅಣುವಿನ ಒಂದು ಬದಿ ಪಾಸಿಟಿವ್, ಇನ್ನೊಂದು ನೆಗೆಟಿವ್. ಓವನ್ನಿನ ಅಲೆ ಸೆಕೆಂಡಿಗೆ ಸುಮಾರು 245 ಕೋಟಿ ಸಲ ಕಂಪಿಸುತ್ತದೆ. ಅದರ ಜೊತೆ ತಿರುಗಲು ಹೋಗಿ ಅಣುಗಳು ಅಕ್ಕಪಕ್ಕದವನ್ನು ತಳ್ಳಾಡುತ್ತವೆ, ಅದೇ ಬಿಸಿ. ಐಸ್‌ನಲ್ಲಿ ಅಣುಗಳು ಬಿಗಿಯಾಗಿ ಕೂತಿರುತ್ತವೆ, ತಿರುಗಲು ಆಗುವುದಿಲ್ಲ. ಹಾಗಾಗಿ ಐಸ್ ತುಂಬಾ ಕಡಿಮೆ ಶಕ್ತಿ ಹೀರುತ್ತದೆ. ಅಂಚಿನಲ್ಲಿ ಸ್ವಲ್ಪ ಕರಗಿತು ಅನ್ನಿ, ಆ ನೀರೇ ಹೆಚ್ಚಿನದನ್ನೆಲ್ಲ ಹೀರಿಕೊಳ್ಳುತ್ತದೆ. ಪಕ್ಕದ ಐಸ್ ಹಾಗೇ ಇರುತ್ತದೆ.

30% ಪವರ್‌ನಲ್ಲಿ ಇಡಿ. ಕರಗಿದಷ್ಟನ್ನು ಆಗಾಗ ಕಲಸಿ, ಗಡ್ಡೆ ಒಡೆಯಿರಿ. ಮುಂದಿನ ಸಲ ಅಗಲವಾದ, ಆಳವಿಲ್ಲದ ಡಬ್ಬಿಯಲ್ಲಿ ಫ್ರೀಜ್ ಮಾಡಿ. ನನ್ನ ಅನುಭವದಲ್ಲಿ ಇದರಿಂದಲೇ ಜಾಸ್ತಿ ಉಪಯೋಗ.

ಪ್ರಶ್ನೆ ಕೇಳಿದವರು
30%ಕ್ಕೆ ಇಟ್ಟರೆ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತದೆ, ಆಮೇಲೆ ಸದ್ದು ಇಳಿಯುತ್ತದೆ, ಮತ್ತೆ ಶುರು. ಇದು ಸರಿನಾ?

ಉತ್ತರ
ಸರಿಯೇ. ಸಾಮಾನ್ಯ ಓವನ್‌ನಲ್ಲಿ ಮ್ಯಾಗ್ನೆಟ್ರಾನ್ ಪೂರ್ತಿ ಓಡುತ್ತದೆ, ಇಲ್ಲವೇ ನಿಂತಿರುತ್ತದೆ. 30% ಅಂದರೆ 10ರಲ್ಲಿ ಸುಮಾರು 3 ಪಾಲು ಹೊತ್ತು ಮಾತ್ರ ಓಡುತ್ತದೆ. ನಿಂತಾಗ ಬಿಸಿ ನಡುವಿಗೆ ಹರಡುತ್ತದೆ, ನಿಮಗೆ ಬೇಕಿರುವುದೂ ಅದೇ. ಒಳಗೇ ಇನ್ವರ್ಟರ್ (ಪವರ್ ಏರಿಳಿಸುವ ಸರ್ಕ್ಯೂಟ್) ಇರುವ ಓವನ್‌ಗಳು ಮಾತ್ರ ನಿಜಕ್ಕೂ ಪವರ್ ತಗ್ಗಿಸುತ್ತವೆ.

ಅಂದ ಹಾಗೆ, ಗಾಜಿನ ತಟ್ಟೆ ತಿರುಗುತ್ತಿದೆಯಾ? ಅಲೆಗಳು ಗೋಡೆಗೆ ಬಡಿದು ವಾಪಸ್ ಬಂದು ಒಂದಕ್ಕೊಂದು ಸೇರಿ, ಕೆಲವು ಕಡೆ ಬಿಸಿ ಜಾಸ್ತಿ, ಕೆಲವು ಕಡೆ ಕಡಿಮೆ ಆಗುತ್ತದೆ. ಅಲೆಯ ಉದ್ದ ಸುಮಾರು 12 ಸೆಂ.ಮೀ. ಇರುವುದರಿಂದ ಬಿಸಿ ಜಾಗಗಳ ನಡುವೆ 6 ಸೆಂ.ಮೀ. ಆಸುಪಾಸು ಅಂತರ. ತಟ್ಟೆ ತಿರುಗದಿದ್ದರೆ ಆಹಾರ ಒಂದೇ ಕಡೆ ಬೇಯುತ್ತದೆ. ಡಬ್ಬಿಯನ್ನು ತಟ್ಟೆಯ ಅಂಚಿನ ಕಡೆ ಇಡಿ, ನಟ್ಟನಡುವೆ ಬೇಡ.

ಪ್ರಶ್ನೆ ಕೇಳಿದವರು
ತಟ್ಟೆ ತಿರುಗುತ್ತಲೇ ಇರಲಿಲ್ಲ! ಕೆಳಗಿನ ಚಕ್ರದ ರಿಂಗ್ ಜಾರಿತ್ತು, ಸರಿಯಾಗಿ ಕೂರಿಸಿದೆ. 30%ರಲ್ಲಿ 12 ನಿಮಿಷ, ನಡುವೆ ಮೂರು ಸಲ ಕಲಸಿದೆ. ಪೂರ್ತಿ ಕರಗಿತು, ಒಂದು ಹನಿಯೂ ಚೆಲ್ಲಲಿಲ್ಲ. ತುಂಬಾ ಥ್ಯಾಂಕ್ಸ್.