ಬಿ.ಕಾಂ.ನಲ್ಲಿ ಡಿಸ್ಟಿಂಕ್ಷನ್, ಸಿಎ ಇಂಟರ್‌ನಲ್ಲಿ ಫೇಲ್: ಕಾಲೇಜಿನ ಅಂಕಕ್ಕೆ ಬೆಲೆ ಇದೆಯೇ?

ಕುಂಜಿಬೆಟ್ಟಿನ ಮಾವ
ತಂಗಿಯ ಮಗಳು ಉಡುಪಿಯಲ್ಲಿ ಬಿ.ಕಾಂ. ಮುಗಿಸಿದ್ದಾಳೆ. ಸಿಜಿಪಿಎ 9ಕ್ಕಿಂತ ಮೇಲೆ. ವಾಣಿಜ್ಯ ಪದವೀಧರರಿಗೆ ಶೇ. 55 ಅಂಕ ಇದ್ದರೆ ಸಿಎಯ ಮೊದಲ ಹಂತವಾದ ಫೌಂಡೇಶನ್ ಬರೆಯದೆ ನೇರವಾಗಿ ಎರಡನೆಯ ಹಂತವಾದ ಸಿಎ ಇಂಟರ್‌ಮೀಡಿಯೆಟ್‌ಗೆ ಸೇರಬಹುದಲ್ಲ, ಹಾಗೆಯೇ ಸೇರಿದಳು. ಮೂರು ಮೂರು ಪತ್ರಿಕೆಗಳ ಎರಡು ಗ್ರೂಪನ್ನೂ ಒಟ್ಟಿಗೆ ಬರೆದಳು, ಎರಡೂ ಹೋಯಿತು. ಪಕ್ಕದ ಮನೆಯ ಹುಡುಗನಿಗೆ ಪದವಿಯಲ್ಲಿ ಅರವತ್ತೂ ಬಂದಿರಲಿಲ್ಲ, ಅವನು ಮೊದಲ ಸಲಕ್ಕೇ ಇಂಟರ್ ಪಾಸು. ಈಗ ಮನೆಯವರೆಲ್ಲ ಕಾಲೇಜನ್ನೇ ಬೈಯುತ್ತಿದ್ದಾರೆ. ತಿಳಿದವರು ಹೇಳಿ: ಕಾಲೇಜಿನ ಅಂಕಕ್ಕೂ ಸಿಎ ಪಾಸಾಗುವುದಕ್ಕೂ ಏನಾದರೂ ಸಂಬಂಧ ಇದೆಯೇ?

ಹಂಪನಕಟ್ಟೆ ಆರ್ಟಿಕಲ್
ಇಲ್ಲ. ಪದವಿ ಪರೀಕ್ಷೆಗೆ ಹಳೆಯ ಪ್ರಶ್ನೆಪತ್ರಿಕೆಗಳು ಸಾಕು. ಸಿಎ ಇಂಟರ್‌ನಲ್ಲಿ ಶೇ. 30 ಅಂಕ ಬಹು ಆಯ್ಕೆಯ ಪ್ರಶ್ನೆಗಳಿಗೆ. ಒಂದು ಪ್ರಕರಣವನ್ನು ಪುಟದುದ್ದಕ್ಕೂ ವಿವರಿಸಿ ಅದರ ಮೇಲೆ ಕೇಳುತ್ತಾರೆ. ತೆರಿಗೆ ಪತ್ರಿಕೆಯಲ್ಲಿ ಹೊಸ ಹಣಕಾಸು ಕಾಯ್ದೆಯ ತಿದ್ದುಪಡಿ ಗೊತ್ತಿಲ್ಲದಿದ್ದರೆ ಹಿಂದಿನ ವರ್ಷ ಸರಿಯಾಗಿದ್ದ ಉತ್ತರವೇ ಈ ವರ್ಷ ತಪ್ಪು. ಪ್ರತಿ ಪತ್ರಿಕೆಯಲ್ಲಿ 40, ಗ್ರೂಪಿನ ಒಟ್ಟಿನಲ್ಲಿ ಶೇ. 50 ಬೇಕು. ಕಾಲೇಜಿನಲ್ಲಿ ತೊಂಬತ್ತು ತೆಗೆದವರು ಈ ಐವತ್ತಕ್ಕೆ ಬೆವರುವುದನ್ನು ನಾನು ದಿನವೂ ನೋಡುತ್ತಿದ್ದೇನೆ. ಆಂತರಿಕ ಅಂಕವನ್ನು ಪ್ರಸಾದದಂತೆ ಹಂಚುವ ಕಾಲೇಜುಗಳ ಸಿಜಿಪಿಎಯನ್ನು ನಂಬಿ ಬಂದರೆ ಹೀಗೆಯೇ ಆಗುವುದು.

ವಾಣಿಜ್ಯ ಉಪನ್ಯಾಸಕಿ
"ಪ್ರಸಾದದಂತೆ" ಎಂದಿರಲ್ಲ, ನೀವು ಎಂದಾದರೂ ಎಪ್ಪತ್ತು ಮಕ್ಕಳ ಅಸೈನ್‌ಮೆಂಟ್ ತಿದ್ದಿದ್ದೀರಾ? ಹಾಜರಾತಿ ಶೇ. 75 ಇಲ್ಲದವರ ತಂದೆ ತಾಯಿ ಸ್ಟಾಫ್ ರೂಮಿನ ಹೊರಗೆ ನಿಲ್ಲುವುದನ್ನು ನೋಡಿದ್ದೀರಾ? ಕಾಲೇಜಿನ ಅಂಕಕ್ಕೆ ಬೆಲೆಯೇ ಇಲ್ಲವೆಂದಾದರೆ ಸಿಎ ಸಂಸ್ಥೆ ತಾನೇ ಶೇ. 55ರ ಗೆರೆ ಏಕೆ ಎಳೆದಿದೆ? ವಾಣಿಜ್ಯೇತರ ಪದವೀಧರರಿಗೆ ಆ ಗೆರೆ ಶೇ. 60. ಅಂಕಪಟ್ಟಿ ನೋಡಿ ಒಂದು ಇಡೀ ಪರೀಕ್ಷೆಯಿಂದ ವಿನಾಯಿತಿ ಕೊಡುವ ಸಂಸ್ಥೆಗಿಂತ ನಿಮಗೆ ಹೆಚ್ಚು ಗೊತ್ತೇ?

ಕದ್ರಿಯ ಲೆಕ್ಕಿಗ
ಮೇಡಂ, "ಗೆರೆ" ಎಂದಿರಿ. ಆ ಗೆರೆ ಫೌಂಡೇಶನ್ ತಪ್ಪಿಸಲು ಮಾತ್ರ. ಪಿಯುಸಿ ಮುಗಿಸಿ ಫೌಂಡೇಶನ್ ಮೂಲಕ ಹೋದವನಿಗೆ ಪದವಿಯೇ ಬೇಡ. ಬಿ.ಕಾಂ. ಇಲ್ಲದೆ ಸದಸ್ಯತ್ವ ಪಡೆದು ಪ್ರಾಕ್ಟೀಸ್ ಮಾಡುತ್ತಿರುವವರು ಇದ್ದಾರೆ. ಸಂಸ್ಥೆಗೆ ಪದವಿಯ ಅಂಕದ ಮೇಲೆ ಅಷ್ಟು ಭಕ್ತಿ ಇದ್ದಿದ್ದರೆ ಪದವಿಯನ್ನಾದರೂ ಕಡ್ಡಾಯ ಮಾಡುತ್ತಿತ್ತು. ಇನ್ನೊಂದು ಮಾತು: ಆ 55 ಒಟ್ಟು ಅಂಕದ ಲೆಕ್ಕ, ಭಾಷಾ ಪತ್ರಿಕೆಗಳೂ ಸೇರಿ. ಮೊದಲ ಸೆಮಿಸ್ಟರ್‌ಗಳಲ್ಲಿ ಸಂಸ್ಕೃತ ತೆಗೆದುಕೊಂಡು ಶೇಕಡಾವಾರು ಏರಿಸಿಕೊಂಡವರಿಗೆ ಲೆಕ್ಕಶಾಸ್ತ್ರದಲ್ಲಿ ಎಷ್ಟು ಬಂದಿದೆ ಎಂದು ಕೇಳಿ ನೋಡಿ.

ಸರಾಸರಿ
ಒಂದು ಹೆಜ್ಜೆ ಹಿಂದೆ ಹೋಗೋಣ. ನಮ್ಮ ಸಿಎಯಂಥದೇ ಅಮೆರಿಕದ ಸಿಪಿಎ ಪರೀಕ್ಷೆಯ ಬಗ್ಗೆ ದಶಕಗಳಿಂದ ಅಧ್ಯಯನಗಳು ಬಂದಿವೆ. ಕಾಲೇಜಿನ ಜಿಪಿಎ ಹೆಚ್ಚಿದ್ದವರು ಉತ್ತೀರ್ಣರಾಗುವ ಸಾಧ್ಯತೆ ಹೆಚ್ಚು ಎಂಬುದು ಅವುಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಇಲ್ಲಿ ಅದು ನಮ್ಮ ಕಣ್ಣಿಗೆ ಬೀಳದಿರಲು ಕಾರಣವಿದೆ. ಇಂಟರ್ ಬರೆಯುವವರಲ್ಲಿ ನೇರ ಪ್ರವೇಶದವರೆಲ್ಲ 55ರ ಮೇಲಿನವರು, ಉಳಿದವರು ಫೌಂಡೇಶನ್‌ನಲ್ಲಿ ಸೋಸಿ ಬಂದವರು. ಮೊದಲೇ ಸೋಸಿದ ಗುಂಪಿನೊಳಗೆ ಹುಡುಕಿದರೆ ಸಂಬಂಧ ನಿಜಕ್ಕಿಂತ ದುರ್ಬಲವಾಗಿ ಕಾಣುತ್ತದೆ. 40 ಅಂಕದ ಪಾಸ್ ಕ್ಲಾಸಿನವರು ನೇರವಾಗಿ ಬಂದು ಬರೆಯುವಂತಿದ್ದರೆ ಆಗ ಗೊತ್ತಾಗುತ್ತಿತ್ತು.

ಕುಂದಾಪುರ ಶಾಸ್ತ್ರಿ ಸರ್ಕಲ್
ಕದ್ರಿಯವರೇ, ಸಂಸ್ಕೃತದ ಸುದ್ದಿ ಇಲ್ಲಿಗೆ ಏಕೆ ಬಂತು? ಲೆಕ್ಕಶಾಸ್ತ್ರ ಬಾರದವನು ಕನ್ನಡ ತೆಗೆದುಕೊಂಡರೂ ಫೇಲ್, ಸಂಸ್ಕೃತ ತೆಗೆದುಕೊಂಡರೂ ಫೇಲ್. ನಿಮ್ಮ ಸಂಸ್ಥೆಯ ಲಾಂಛನದಲ್ಲೇ ಕಠೋಪನಿಷತ್ತಿನ "ಯ ಏಷ ಸುಪ್ತೇಷು ಜಾಗರ್ತಿ" ಇದೆ. ಅದನ್ನು ಸೂಚಿಸಿದವರು ಶ್ರೀ ಅರವಿಂದರು. ಸಂಸ್ಕೃತ ಅಗ್ಗವಾದರೆ ಮೊದಲು ಆ ಸಾಲನ್ನು ಅಳಿಸಿ.

ಹಂಪನಕಟ್ಟೆ ಆರ್ಟಿಕಲ್
ಎಲ್ಲರೂ ಮಲಗಿದಾಗ ಎಚ್ಚರವಾಗಿರುವುದು ನಮಗೆ ಲಾಂಛನ ನೋಡಿ ಕಲಿಯಬೇಕಾಗಿಲ್ಲ ಸ್ವಾಮಿ, ಸೆಪ್ಟೆಂಬರ್‌ನಲ್ಲಿ ತೆರಿಗೆ ಆಡಿಟ್ ವರದಿ ಸಲ್ಲಿಸುವ ವಾರ ನಮ್ಮ ಕಚೇರಿಗೆ ಬನ್ನಿ.

ಕಡಲತಡಿ ಕನ್ನಡ
ಕದ್ರಿಯವರು ಹೇಳಿದ್ದು ನೂರಕ್ಕೆ ನೂರು ಸತ್ಯ. ಪಿಯುಸಿಯಿಂದಲೇ ನೋಡಿ. ಸಂಸ್ಕೃತ ಪತ್ರಿಕೆಯ ಕೆಲವು ಪ್ರಶ್ನೆಗಳಿಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರ ಬರೆಯಲು ಅವಕಾಶವಿದೆ. ಕನ್ನಡ ಪತ್ರಿಕೆಗೆ ಇಂಗ್ಲಿಷಿನಲ್ಲಿ ಉತ್ತರ ಬರೆದು ನೋಡಿ, ಸೊನ್ನೆ ಕೈಗೆ ಬರುತ್ತದೆ. ಹೀಗಾಗಿ ಕರಾವಳಿಯ ಕಾಲೇಜುಗಳಲ್ಲಿ ಅಂಕದ ಆಸೆಗೆ ಮಕ್ಕಳು ಕನ್ನಡದ ತರಗತಿಯಿಂದ ಎದ್ದು ಹೋಗುತ್ತಿದ್ದಾರೆ. ಆಮೇಲೆ ಅದೇ ಅಂಕ ಫ್ಲೆಕ್ಸ್ ಮೇಲೆ ಏರುತ್ತದೆ.

ಕುಂದಾಪುರ ಶಾಸ್ತ್ರಿ ಸರ್ಕಲ್
"ಅಂಕದ ಆಸೆ"ಯಂತೆ! ಶಬ್ದರೂಪ, ಧಾತುರೂಪ ಬಾಯಿಪಾಠ ಮಾಡುವುದು ಆಸೆಯಿಂದ ಆಗುವ ಕೆಲಸವೇ? ಕನ್ನಡದಲ್ಲಿ ಅಂಕ ಕಡಿಮೆ ಬಂದರೆ ಮೌಲ್ಯಮಾಪಕರ ಕೈ ಸಡಿಲಿಸಲು ಹೇಳಿ. ಸಂಸ್ಕೃತದ ಮೇಲೆ ಹೊಟ್ಟೆಕಿಚ್ಚು ಬೇಡ.

ವಾಣಿಜ್ಯ ಉಪನ್ಯಾಸಕಿ
ಮತ್ತೆ ಮೌಲ್ಯಮಾಪಕರ ಮೇಲೆಯೇ ಬಂತು. ಕೈ ಸಡಿಲಿದ್ದರೆ "ಪ್ರಸಾದ", ಬಿಗಿಯಿದ್ದರೆ ಮಕ್ಕಳ ಶತ್ರು. ಅಂಕಪಟ್ಟಿಯಲ್ಲಿ ಭಾಷೆಯ ಅಂಕ ಬೇರೆ, ಲೆಕ್ಕಶಾಸ್ತ್ರದ ಅಂಕ ಬೇರೆ ಕಾಣುತ್ತದೆ. ನೇರ ಪ್ರವೇಶದ ನಿಯಮದಲ್ಲೂ ವಾಣಿಜ್ಯ ಪದವೀಧರರು ಲೆಕ್ಕಶಾಸ್ತ್ರ, ಆಡಿಟಿಂಗ್, ಕಾನೂನು, ತೆರಿಗೆ, ಕಾಸ್ಟಿಂಗ್ ಮುಂತಾದವುಗಳಲ್ಲಿ ನೂರು ಅಂಕದ ಮೂರು ಪತ್ರಿಕೆಗಳನ್ನಾದರೂ ಓದಿರಬೇಕು ಎಂದಿದೆ. ಬರೀ ಸಂಸ್ಕೃತದಿಂದ ಯಾರೂ ಒಳಗೆ ನುಗ್ಗುವುದಿಲ್ಲ.

ಕದ್ರಿಯ ಲೆಕ್ಕಿಗ
"ಓದಿರಬೇಕು" ಎಂದಿದೆ ಮೇಡಂ. ಆ ಮೂರರಲ್ಲಿ ಇಷ್ಟು ಅಂಕ ಪಡೆದಿರಬೇಕು ಎಂದಿಲ್ಲ. ನನ್ನ ಮಾತನ್ನೇ ನೀವು ಸಾಬೀತು ಮಾಡಿದಿರಿ, ಧನ್ಯವಾದ.
ಸರಾಸರಿಯವರೇ, ನಿಮ್ಮ ಅಮೆರಿಕ ಅಮೆರಿಕದಲ್ಲೇ ಇರಲಿ. ಅಲ್ಲಿ ಸಿಪಿಎಯ ನಾಲ್ಕು ವಿಭಾಗಗಳನ್ನು ಒಂದೊಂದಾಗಿ, ತಿಂಗಳುಗಳ ಅಂತರದಲ್ಲಿ ಬರೆಯಬಹುದು. ಹೆಚ್ಚಿನ ವಿಭಾಗಗಳಲ್ಲಿ ಬರೆದವರ ಪೈಕಿ ನೂರಕ್ಕೆ ನಲವತ್ತರಿಂದ ಅರವತ್ತು ಮಂದಿ ಪಾಸಾಗುತ್ತಾರೆ. ನಮ್ಮಲ್ಲಿ 2023ರ ನವೆಂಬರ್‌ನಲ್ಲಿ ಸಿಎಯ ಕೊನೆಯ ಹಂತವಾದ ಫೈನಲ್‌ನಲ್ಲಿ ಎರಡೂ ಗ್ರೂಪ್ ಒಟ್ಟಿಗೆ ಬರೆದವರಲ್ಲಿ ಪಾಸಾದವರು ಶೇ. 9.42. ಇಂಥ ಪರೀಕ್ಷೆಗೆ ಜಿಪಿಎ ಸೂತ್ರ ಅಂಟಿಸಬೇಡಿ.

ಸರಾಸರಿ
ಅದರ ಮುಂದಿನದೇ ಪರೀಕ್ಷೆ, 2024ರ ಮೇ, ಶೇ. 19.88. ಅದನ್ನು ಏಕೆ ಬಿಟ್ಟಿರಿ? ಆರು ತಿಂಗಳಲ್ಲಿ ದೇಶದ ಮಕ್ಕಳ ಬುದ್ಧಿ ಎರಡು ಪಟ್ಟಾಯಿತೇ? ನಡುವೆ ಪಠ್ಯಕ್ರಮ ಬದಲಾಯಿತು, ಎಂಟು ಪತ್ರಿಕೆ ಆರಾಯಿತು. ಪಾಸಾಗುವವರು ಕಡಿಮೆ ಎಂಬುದು ಒಂದು ವಿಷಯ, ಆ ಕಡಿಮೆಯವರು ಯಾರು ಎಂಬುದು ಬೇರೆ ವಿಷಯ. ನಾನು ಹೇಳುತ್ತಿರುವುದು ಎರಡನೆಯದು.

ನಿವೃತ್ತ ಮ್ಯಾನೇಜರ್, ಮಣಿಪಾಲ
ಇಷ್ಟೆಲ್ಲ ಶೇಕಡಾ ಲೆಕ್ಕ ನಮಗೆ ಗೊತ್ತಿರಲಿಲ್ಲ. ನಾನು ಸಿಂಡಿಕೇಟ್ ಬ್ಯಾಂಕಿಗೆ ಸೇರಿದಾಗ ಅಂಕಪಟ್ಟಿಯನ್ನು ಒಮ್ಮೆ ನೋಡಿ ಪಕ್ಕಕ್ಕೆ ಇಟ್ಟರು. ಸೆಕೆಂಡ್ ಕ್ಲಾಸಿನವರೇ ಬ್ಯಾಂಕರುಗಳ ಸಂಸ್ಥೆಯ ಸಿಎಐಐಬಿ ಪರೀಕ್ಷೆ ಮುಗಿಸಿ ಜನರಲ್ ಮ್ಯಾನೇಜರ್ ಆದರು. 1906ರಲ್ಲಿ ಕೆನರಾ ಬ್ಯಾಂಕನ್ನೂ ಕಾರ್ಪೊರೇಷನ್ ಬ್ಯಾಂಕನ್ನೂ ಕಟ್ಟಿದ ಜಿಲ್ಲೆ ಇದು. ಕಟ್ಟಿದವರ ಸಿಜಿಪಿಎ ಎಷ್ಟಿತ್ತು ಎಂದು ಯಾರಾದರೂ ಕೇಳಿದರೇ?

ಹಂಪನಕಟ್ಟೆ ಆರ್ಟಿಕಲ್
ಕಟ್ಟಿದ್ದು ಸರಿ. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿತು. ಅದರ ಹಿಂದಿನ ವರ್ಷವೇ ವಿಜಯಾ ಬ್ಯಾಂಕ್ ಬರೋಡಾದ ಪಾಲಾಯಿತು. ಆ ಸೆಕೆಂಡ್ ಕ್ಲಾಸ್ ಜನರಲ್ ಮ್ಯಾನೇಜರುಗಳು ಏನು ಮಾಡುತ್ತಿದ್ದರು?

ನಿವೃತ್ತ ಮ್ಯಾನೇಜರ್, ಮಣಿಪಾಲ
ವಿಲೀನ ದೆಹಲಿಯ ತೀರ್ಮಾನ. ಅದನ್ನು ನಮ್ಮ ತಲೆಗೆ ಕಟ್ಟಲು ನಿಮಗೆ ನಾಚಿಕೆಯಾಗಬೇಕು. ಹಿರಿಯರೊಡನೆ ಮಾತನಾಡುವ ರೀತಿಯೇ ಇದು? ಸಿಎ ಕಚೇರಿಯ ತರಬೇತಿಯಲ್ಲಿ, ನಿಮ್ಮ ಆರ್ಟಿಕಲ್‌ಶಿಪ್‌ನಲ್ಲಿ, ಇದನ್ನೇ ಕಲಿಸುತ್ತಾರೆಯೇ?

ಕಡಲತಡಿ ಕನ್ನಡ
ದೆಹಲಿ ಎಂದಾಗ ನೆನಪಾಯಿತು. ಸಿಎ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಬರೆಯುವಂತಿಲ್ಲ. ಬೈಂದೂರಿನ ಕನ್ನಡ ಮಾಧ್ಯಮದ ಹುಡುಗಿ ಪಿಯುಸಿಗೆ ಬಂದು ಮೊದಲ ಸಲ ಡೆಬಿಟ್, ಕ್ರೆಡಿಟ್ ಇಂಗ್ಲಿಷಿನಲ್ಲಿ ಓದುತ್ತಾಳೆ. ಅವಳ ಬಿ.ಕಾಂ. ಅಂಕವನ್ನೂ ಸಿಎ ಅಂಕವನ್ನೂ ಹೋಲಿಸುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಸಂಸ್ಕೃತದಲ್ಲಿ 98 ತೆಗೆದ ಮಂಗಳೂರಿನ ಇಂಗ್ಲಿಷ್ ಮಾಧ್ಯಮದವನಿಗೆ ಈ ಕಷ್ಟ ಇಲ್ಲ.

ಕುಂದಾಪುರ ಶಾಸ್ತ್ರಿ ಸರ್ಕಲ್
ಮತ್ತೆ ಸಂಸ್ಕೃತ! ಹಿಂದಿಯ ಸಿಟ್ಟನ್ನು ಸಂಸ್ಕೃತದ ಮೇಲೆ ಏಕೆ ತೀರಿಸುತ್ತೀರಿ? ನಾನು ಬೈಂದೂರಿನವನೇ, ಕನ್ನಡ ಮಾಧ್ಯಮದವನೇ, ಪಿಯುಸಿಯಲ್ಲಿ ಸಂಸ್ಕೃತ ಓದಿದವನೇ. ಈಗ ಹೇಳಿ.

ಕಡಲತಡಿ ಕನ್ನಡ
ಹೇಳುವುದೇನು, ಎಷ್ಟು ಬಂದಿತ್ತು?

ಕುಂದಾಪುರ ಶಾಸ್ತ್ರಿ ಸರ್ಕಲ್
ಅದು ಇಲ್ಲಿ ಅಪ್ರಸ್ತುತ.

ಹಂಪನಕಟ್ಟೆ ಆರ್ಟಿಕಲ್
ಅಂದರೆ ತೊಂಬತ್ತೈದರ ಮೇಲೆ.

ಕುಂಜಿಬೆಟ್ಟಿನ ಮಾವ
ಮಾರಾಯರೇ, ನಾನು ಕೇಳಿದ್ದು ಸಿಎ ಬಗ್ಗೆ. ನಮ್ಮ ಹುಡುಗಿ ಕನ್ನಡವನ್ನೇ ತೆಗೆದುಕೊಂಡಿದ್ದಳು, ಆ ಜಗಳಕ್ಕೆ ಅವಳನ್ನು ಎಳೆಯಬೇಡಿ. ಪಕ್ಕದ ಮನೆಯ ಹುಡುಗನ ತಾಯಿಯನ್ನು ಇವತ್ತು ವಿಚಾರಿಸಿದೆ. ಅವನು ಪಿಯುಸಿ ಮುಗಿದ ಕೂಡಲೇ ಫೌಂಡೇಶನ್ ಬರೆದು ಇಂಟರ್‌ಗೆ ಸೇರಿದವನಂತೆ. ಪದವಿಯನ್ನು ಸಂಜೆ ಕಾಲೇಜಿನಲ್ಲಿ ಮಾಡಿದ, ಪರೀಕ್ಷೆಯ ಹಿಂದಿನ ದಿನ ಮಾತ್ರ ಪುಸ್ತಕ ತೆರೆಯುತ್ತಿದ್ದ. ಪಿಯುಸಿಯಲ್ಲಿ ಅವನಿಗೆ ಶೇ. 96 ಇತ್ತು.

ಸರಾಸರಿ
ಇದನ್ನು ಮೊದಲೇ ಹೇಳಬಾರದಿತ್ತೇ! ಅವನ ಪದವಿಯ ಅಂಕ ಕಡಿಮೆಯಾಗಲು ಕಾರಣವೇ ಸಿಎ ಓದು. ಸಿಎಗೆ ಸಮಯ ಕೊಟ್ಟವರ ಬಿ.ಕಾಂ. ಅಂಕ ಬೀಳುತ್ತದೆ. ಆ ಬಿದ್ದ ಅಂಕವನ್ನು ತೋರಿಸಿ "ಅಂಕಕ್ಕೂ ಸಿಎಗೂ ಸಂಬಂಧ ಇಲ್ಲ" ಎನ್ನುವುದು ಎತ್ತಿನ ಮುಂದೆ ಗಾಡಿ ಕಟ್ಟಿದಂತೆ. ಅವನ ನಿಜವಾದ ಅಂಕ ಆ 96.

ವಾಣಿಜ್ಯ ಉಪನ್ಯಾಸಕಿ
ನಾನು ಮೊದಲಿನಿಂದ ಹೇಳಿದ್ದೂ ಇದನ್ನೇ. ಅಂಕಕ್ಕೆ ಬೆಲೆ ಇದೆ.

ಹಂಪನಕಟ್ಟೆ ಆರ್ಟಿಕಲ್
ಇಲ್ಲ ಮೇಡಂ, ನೀವು ಹೇಳಿದ್ದು ಕಾಲೇಜಿನ ಅಂಕದ ಬಗ್ಗೆ. ಇಲ್ಲಿ ಗೆದ್ದದ್ದು ಪಿಯುಸಿ. ನಿಮ್ಮ ಬಿ.ಕಾಂ.ನಲ್ಲಿ ಪುಸ್ತಕ ತೆರೆಯದೆಯೂ ಪಾಸಾಗಬಹುದು ಎಂಬುದಕ್ಕೆ ಆ ಹುಡುಗನೇ ಸಾಕ್ಷಿ. ನಾನೂ ಫಾರ್ಮ್ 112 ತುಂಬಿ, ಆರ್ಟಿಕಲ್‌ಶಿಪ್ ಜೊತೆಗೆ ಪದವಿ ಓದಲು ಅನುಮತಿ ಪಡೆದು ಮುಗಿಸಿದವನು. ನನ್ನ ಪದವಿಯ ಅಂಕ ಕೇಳಬೇಡಿ.

ವಾಣಿಜ್ಯ ಉಪನ್ಯಾಸಕಿ
ಕೇಳುವುದಿಲ್ಲ, ನಿಮ್ಮ ಮಾತಿನ ಧಾಟಿಯಲ್ಲೇ ಗೊತ್ತಾಗುತ್ತದೆ. ಕುಂಜಿಬೆಟ್ಟಿನವರೇ, ನಿಮ್ಮ ಹುಡುಗಿಯ ಇಂಟರ್ ಅಂಕಪಟ್ಟಿ ನೋಡಿ. ಯಾವುದಾದರೂ ಪತ್ರಿಕೆಯಲ್ಲಿ 60 ಬಂದಿದ್ದರೆ ಅದಕ್ಕೆ ವಿನಾಯಿತಿ ಸಿಗುತ್ತದೆ, ಮುಂದಿನ ಮೂರು ಪರೀಕ್ಷೆಗಳವರೆಗೆ ಅದನ್ನು ಮತ್ತೆ ಬರೆಯಬೇಕಿಲ್ಲ. ಇವರ ಗದ್ದಲಕ್ಕಿಂತ ಅದು ಉಪಯುಕ್ತ.

ಕುಂಜಿಬೆಟ್ಟಿನ ಮಾವ
ಅಕೌಂಟಿಂಗ್‌ನಲ್ಲಿ 63 ಬಂದಿದೆ. ತೆರಿಗೆಯಲ್ಲಿ 34, ಆಡಿಟಿಂಗ್‌ನಲ್ಲಿ 37. ಉಳಿದವು ನಲವತ್ತರ ಆಸುಪಾಸು. ಅಕೌಂಟಿಂಗ್ ಕಾಲೇಜಿನಲ್ಲೂ ಅವಳಿಗೆ ಚೆನ್ನಾಗಿತ್ತು. ಮುಂದಿನ ಸಲ ಮೊದಲ ಗ್ರೂಪ್ ಮಾತ್ರ ಬರೆಯುತ್ತೇನೆ ಎನ್ನುತ್ತಿದ್ದಾಳೆ.

ಸರಾಸರಿ
ಕಾಲೇಜಿನಲ್ಲಿ ಚೆನ್ನಾಗಿದ್ದ ವಿಷಯದಲ್ಲೇ ಇಲ್ಲೂ 63. ಇನ್ನೇನು ಹೇಳಬೇಕು?

ಕದ್ರಿಯ ಲೆಕ್ಕಿಗ
ಒಬ್ಬಳ ಒಂದು ಪತ್ರಿಕೆ ನೋಡಿ ಸಿದ್ಧಾಂತ ಕಟ್ಟುವವರು ಮೊದಲು ನನಗೆ ಪಾಠ ಹೇಳಿದ್ದು ಏನು? ಇರಲಿ. "ಮೊದಲ ಗ್ರೂಪ್ ಮಾತ್ರ" ಎಂದಿರಲ್ಲ, ಅದು ದೊಡ್ಡ ತಪ್ಪು. ಎರಡನ್ನೂ ಒಟ್ಟಿಗೆ ಬರೆದರೆ ಒಂದು ಗ್ರೂಪಿನ ಹೆಚ್ಚುವರಿ ಅಂಕ ಇನ್ನೊಂದರ ಕೊರತೆಯನ್ನು ತುಂಬುತ್ತದೆ. ಎಲ್ಲ ಪತ್ರಿಕೆಗಳಲ್ಲೂ 40 ಇದ್ದು ಆರರ ಒಟ್ಟಿನಲ್ಲಿ ಶೇ. 50 ಆದರೆ ಎರಡೂ ಪಾಸು.

ಹಂಪನಕಟ್ಟೆ ಆರ್ಟಿಕಲ್
ಆಡಿಟಿಂಗ್‌ನಲ್ಲಿ 37 ಬಂದವಳಿಗೆ ಎರಡೂ ಬರೆ ಎನ್ನುತ್ತೀರಾ? ಈಗ ವರ್ಷಕ್ಕೆ ಮೂರು ಸಲ ಇಂಟರ್ ಪರೀಕ್ಷೆ ಇದೆ: ಜನವರಿ, ಮೇ, ಸೆಪ್ಟೆಂಬರ್. ಒಂದೊಂದಾಗಿ ಮುಗಿಸಲಿ. ನಿಮ್ಮ ಕಾಲದ ಲೆಕ್ಕ ಈಗ ನಡೆಯುವುದಿಲ್ಲ.

ಕದ್ರಿಯ ಲೆಕ್ಕಿಗ
"ನಿಮ್ಮ ಕಾಲ" ಎಂದರೆ ಏನರ್ಥ? ನಾನು ಫೈನಲ್ ಮುಗಿಸಿದ್ದು ಮೊನ್ನೆ ಮೊನ್ನೆ. ನೀವು ಮುಗಿಸಿದ್ದೀರಾ?

ಕುಂದಾಪುರ ಶಾಸ್ತ್ರಿ ಸರ್ಕಲ್
ಅಂದ ಹಾಗೆ 94. ತೊಂಬತ್ತೈದರ ಮೇಲಲ್ಲ.